ಹಂಗಾಮಿ ಎಂದು ಬರೆದ ಲಕೋಟೆ

ಮುಐದರ್, ಕತಾರ್
೪ ಜುಲೈ ೨೦೨೫

ಮರಳ ಮಲ್ಲಿಗೆ ಕನ್ನಡ ಬಳಗದ ಮಾನ್ಯ ಅಧ್ಯಕ್ಷರಾದ ವ್ಯಾಲೆಂಟೈನ್ ಮಾರ್ಟಿಸ್ ಅವರಿಗೆ,

ನಮಸ್ಕಾರ. ಹದಿನೈದು ದಿನದ ರಜೆ ಎಂದು ಜೂನ್ ಎರಡಕ್ಕೆ ವಿಮಾನ ಹತ್ತಿದವರು ಇನ್ನೂ ಶಿರ್ವದಲ್ಲೇ ಇದ್ದೀರಿ. ಫೋನ್ ಮಾಡಿದರೆ ನಿಮ್ಮ ಮನೆಯವರು ಎಡ್ನಾಬಾಯಿ ಎತ್ತುತ್ತಾರೆ. “ಬೆನ್ನಿನ ಆಪರೇಷನ್ ಆಗಿದೆ, ಮಲಗಿದ್ದಾರೆ” ಎಂದು ಇಟ್ಟುಬಿಡುತ್ತಾರೆ. ಆಪರೇಷನ್ ಆಗಿದ್ದು ಬೆನ್ನಿಗೆ. ಬಾಯಿಗೇನಾಗಿದೆ ಸರ್?

ವಾಟ್ಸ್ಯಾಪಿನಲ್ಲಿ ಬಂದ ಮಾತು ಲೆಕ್ಕಕ್ಕಿಲ್ಲ, ಬಳಗದ ವ್ಯವಹಾರವೆಲ್ಲ ಕಾಗದದಲ್ಲೇ ಆಗಬೇಕು ಎಂದು ನಿಯಮ ಮಾಡಿದವರು ನೀವೇ. ಅದಕ್ಕೇ ಈ ಕಾಗದ. ಊರಿಗೆ ಹೊರಟಿರುವ ನಮ್ಮ ಬಳಗದ ಆಂಟನಿ ಕೈಯಲ್ಲಿ ಕೊಡುತ್ತಿದ್ದೇನೆ.

ಊರಿನ ಗಾಳಿಗೆ ಕೆಲವು ಸಂಗತಿ ಮರೆತಿರಬಹುದು, ನೆನಪಿಸುತ್ತೇನೆ. ಕಳೆದ ಚುನಾವಣೆಯಲ್ಲಿ ಎಲೈಜಾ ಅವರಿಗೆ ಬಿದ್ದ ವೋಟು ಇನ್ನೂರಾ ಆರು. ನಿಮಗೆ ನೂರಾ ಎಂಬತ್ತು. ಲೋಕದ ಯಾವ ಸಂಘದಲ್ಲಾದರೂ ಎಲೈಜಾ ಗೆದ್ದರು ಎನ್ನುತ್ತಿದ್ದರು. ಆದರೆ ನಮ್ಮ ನಿಯಮಾವಳಿಯನ್ನು ನೀವು ಅಮೆರಿಕನ್ ಕಂಪನಿಯ ಮೇಜಿನ ಮುಂದೆ ಕೂತು, ಅಮೆರಿಕದ ಅಧ್ಯಕ್ಷರನ್ನು ಆರಿಸುವ ಕ್ರಮ ನೋಡಿಕೊಂಡು ಬರೆದಿರಲ್ಲ! ವೋಟು ಹಾಕುವುದು ಸದಸ್ಯರು, ಅಧ್ಯಕ್ಷರನ್ನು ಆರಿಸುವುದು ಮಾತ್ರ ಪ್ರತಿ ಪ್ರದೇಶದ ‘ಆಯ್ಕೆದಾರರು’. ಎಷ್ಟೇ ಚಿಕ್ಕ ಕ್ಯಾಂಪ್ ಆದರೂ ಮೂರು ಆಯ್ಕೆದಾರರು ಇರಲೇಬೇಕು. ಅಲ್ಲಿ ಒಂದು ವೋಟು ಹೆಚ್ಚು ಬಂದವನಿಗೆ ಮೂವರೂ. ದೊಡ್ಡ ಪ್ರದೇಶಗಳಾದ ದೋಹಾ, ಮುಐದರ್ ಎರಡೂ ಎಲೈಜಾಗೆ ಹೋದವು, ಒಂಬತ್ತು ಆಯ್ಕೆದಾರರು. ದುಖಾನ್, ಅಲ್ ಖೋರ್, ಮೆಸೈಯೀದ್, ಹಮದ್ ಬಂದರು ನಿಮಗೆ ಬಂದವು, ಹನ್ನೆರಡು. ದುಖಾನಿನಲ್ಲಿ ನಮ್ಮವರು ಇರುವುದೇ ಹನ್ನೊಂದು ಮಂದಿ.

ಆ ನಾಲ್ಕೂ ಕಡೆ ಇರುವವರು ವಿಜಯಪುರ, ಕಲಬುರಗಿ, ಬಾಗಲಕೋಟೆಯ ಜನ. ಲುಸೈಲಿನಲ್ಲಿ ವಾರವಿಡೀ ಬಿಸಿಲಲ್ಲಿ ಸ್ಕ್ಯಾಫೋಲ್ಡಿಂಗ್ ಮೇಲೆ ನಿಂತು, ಶುಕ್ರವಾರ ಬಂದರೆ ಅವರ ಕ್ಯಾಂಪುಗಳಿಗೆ ಕಾರು ಓಡಿಸಿ, ಕೈಮುಗಿದು ನಿಮಗೆ ವೋಟು ತಂದವನು ನಾನು. ನೀವು ನನ್ನನ್ನು ಉಪಾಧ್ಯಕ್ಷನನ್ನಾಗಿ ಜೊತೆಗಿಟ್ಟುಕೊಂಡದ್ದೂ ಅದಕ್ಕೇ ಎಂದು ನನಗೆ ಚೆನ್ನಾಗಿ ಗೊತ್ತು.

ನವೆಂಬರ್ ಏಳಕ್ಕೆ ರಾಜ್ಯೋತ್ಸವ. ಸಭಾಂಗಣದ ಅರ್ಜಿಗೆ ಅಧ್ಯಕ್ಷರ ಸಹಿ ಬೇಕು. ಹನ್ನೆರಡನೇ ನಿಯಮದ ಪ್ರಕಾರ ‘ಸದ್ಯಕ್ಕೆ ಕೆಲಸ ಮಾಡಲು ನನ್ನಿಂದಾಗದು’ ಎಂದು ಒಂದು ಸಾಲು ಬರೆದು ಕಳಿಸಿ. ನಾನು ನಡೆಸುತ್ತೇನೆ. ಕೆಲಸ ಮಾಡದೆ ಕುರ್ಚಿಯನ್ನೂ ಬಿಡದೆ ಊರಲ್ಲಿ ಮಲಗುವುದಕ್ಕೆ ನಮ್ಮ ಕಡೆ ಒಳ್ಳೆಯ ಹೆಸರಿಲ್ಲ.

ಕಲ್ಮೇಶ ಬಿರಾದಾರ
ಉಪಾಧ್ಯಕ್ಷ

&nbsp;

ಶಿರ್ವ, ಉಡುಪಿ ಜಿಲ್ಲೆ
೨೧ ಜುಲೈ ೨೦೨೫

ಶ್ರೀ ಕಲ್ಮೇಶ ಬಿರಾದಾರ ಅವರಿಗೆ,

ನಿಮ್ಮ ಪತ್ರ ತಲುಪಿತು. ಅದರ ಭಾಷೆಗೆ ಉತ್ತರ ಕೊಡುವ ಅಗತ್ಯ ಕಾಣುವುದಿಲ್ಲ. ವಿಷಯಕ್ಕೆ ಮಾತ್ರ ಕೊಡುತ್ತಿದ್ದೇನೆ.

ಒಂದು: ನನಗೆ ಯಾವ ಅಸಮರ್ಥತೆಯೂ ಇಲ್ಲ. ಹನ್ನೆರಡನೇ ನಿಯಮದ ಪ್ರಕಾರ ನಾನೇ ಹೀಗೆ ಲಿಖಿತವಾಗಿ ತಿಳಿಸಿದ ಮೇಲೆ ಅಧಿಕಾರ ನನ್ನಲ್ಲೇ ಉಳಿಯುತ್ತದೆ.

ಎರಡು: ನಾಲ್ಕನೇ ನಿಯಮವನ್ನು ನೀವು ಓದಿದ ಹಾಗಿಲ್ಲ. ಅಧ್ಯಕ್ಷನಾಗುವವನಿಗೆ ಮೂವತ್ತೈದು ವರ್ಷ ತುಂಬಿರಬೇಕು. ಕತಾರಿನಲ್ಲಿ ಹದಿನಾಲ್ಕು ವರ್ಷ ವಾಸವಿರಬೇಕು. ಕರ್ನಾಟಕದಲ್ಲೇ ಹುಟ್ಟಿದವನಾಗಿರಬೇಕು. ನಿಮ್ಮ ಸದಸ್ಯತ್ವದ ಫಾರಂ ಜೊತೆಗಿರುವ ಪಾಸ್‌ಪೋರ್ಟ್ ನಕಲು ನನ್ನ ಮುಂದಿದೆ. ಜನ್ಮಸ್ಥಳ: ಅಕ್ಕಲಕೋಟೆ, ಮಹಾರಾಷ್ಟ್ರ.

ಜನ್ಮತಃ ಕನ್ನಡಿಗನಲ್ಲದವನು ಕನ್ನಡ ಬಳಗದ ಅಧ್ಯಕ್ಷನಾಗಲಾರ. ಹಂಗಾಮಿಯಾಗಿಯೂ ಆಗಲಾರ. ಸಭಾಂಗಣದ ಅರ್ಜಿಯನ್ನು ಇಲ್ಲಿಗೆ ಕಳಿಸಿ.

ವ್ಯಾಲೆಂಟೈನ್ ಮಾರ್ಟಿಸ್
ಅಧ್ಯಕ್ಷ

&nbsp;

ಮುಐದರ್
೮ ಆಗಸ್ಟ್ ೨೦೨೫

ಶ್ರೀ ಮಾರ್ಟಿಸ್ ಅವರೇ,

ಟೈಪ್ ಮಾಡಿದ ಪತ್ರ, ಕೆಳಗೆ ರಬ್ಬರ್ ಸ್ಟ್ಯಾಂಪಿನ ಸಹಿ. ನನಗೋಸ್ಕರ ಪೆನ್ನಿನ ಮುಚ್ಚಳ ತೆಗೆಯುವುದೂ ನಿಮಗೆ ಭಾರವಾಯಿತು. ಇರಲಿ.

ನಾನು ಹುಟ್ಟಿದ ಊರಿನ ಮಾತು ತೆಗೆದಿರಲ್ಲ, ಹೇಳುತ್ತೇನೆ. ನನ್ನ ಅಪ್ಪ ವಿರುಪಾಕ್ಷಪ್ಪ ಇಂಡಿ ತಾಲ್ಲೂಕಿನವನು. ಅವ್ವ ಮಹಾದೇವಕ್ಕನ ತವರು ಅಕ್ಕಲಕೋಟೆ ಕಡೆಯ ಹಳ್ಳಿ. ನಡುವೆ ಇರುವುದು ಒಂದು ನದಿ, ನಾಲ್ಕು ಜೋಳದ ಹೊಲ. ನಾನು ಅವ್ವನ ಮೊದಲ ಮಗ. ಏಳನೇ ತಿಂಗಳಿಗೆ ಸೀಮಂತ ಮಾಡಿ, ಹಸಿರು ಸೀರೆ ಉಡಿಸಿ ಅಜ್ಜ ಕರೆದುಕೊಂಡು ಹೋದ. ನಿಮ್ಮ ಕಾಗದ ಬಂದ ದಿನ ಫೋನಿನಲ್ಲಿ ಅವ್ವನಿಗೆ ಕೇಳಿದೆ, ನನ್ನನ್ನು ಅಲ್ಲಿ ಯಾಕೆ ಹಡೆದೆ ಎಂದು. “ಚೊಚ್ಚಲ ಬಾಣಂತನ ತವರಮನ್ಯಾಗ ಆಗದ ಮತ್ತೆಲ್ಲಿ ಆಗತೈತೋ ಹುಚ್ಚಪ್ಪಾ? ಯಾಕ, ಯಾರ ಏನಂದ್ರು?” ಎಂದಳು. ಏನೂ ಇಲ್ಲ ಎಂದೆ. ಅವಳ ಮನೆಯಲ್ಲಿ, ಆ ಊರಿನ ಅಂಗಡಿಯಲ್ಲಿ, ಮಠದಲ್ಲಿ ಆಡುವುದು ಕನ್ನಡ. ಸೂಲಗಿತ್ತಿ ನನ್ನ ಬೆನ್ನಿಗೆ ಹೊಡೆದು ಅಳಿಸಿದ್ದೂ ಕನ್ನಡದಲ್ಲೇ ಬೈದು. ನಲವತ್ತಮೂರು ವರ್ಷದಲ್ಲಿ ನನ್ನನ್ನು ಕನ್ನಡಿಗನಲ್ಲ ಎಂದವರು ನೀವೊಬ್ಬರೇ. ಈ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ನಮ್ಮ ಬಳಗದಲ್ಲಿ ಕಾಸರಗೋಡಿನವರೂ ಹತ್ತಾರು ಮಂದಿ ಇದ್ದಾರೆ. ಅವರ ಮುಖ ನೋಡಿ ಈ ನಿಯಮ ಓದಿ ಹೇಳುವ ಎದೆಗಾರಿಕೆ ನಿಮಗಿದೆಯೇ?

ಬಳಗದ ಬೀರುವಿನಲ್ಲಿ ನೀವು ನಿಯಮ ನಕಲು ಮಾಡಿದ, ಅಮೆರಿಕದ ಸಂವಿಧಾನ, ಅಧ್ಯಕ್ಷರ ಕತೆಗಳಿರುವ ಆ ಹಸಿರು ರಟ್ಟಿನ ಪುಸ್ತಕ ಸಿಕ್ಕಿತು. ಮೂರು ಶುಕ್ರವಾರ ಕೂತು ಓದಿದೆ. ಅಮೆರಿಕದವರಿಗೇ ಆ ಜನ್ಮದ ಮಾತು ಪೂರ್ತಿ ಬಗೆಹರಿದಿಲ್ಲ. ಅವರ ದೇಶದ ಗಡಿಯಾಚೆ ಹುಟ್ಟಿದವರೂ ಆ ಕುರ್ಚಿಗೆ ನಿಂತಿದ್ದಾರೆ. ಅಲ್ಲಿ ಇನ್ನೊಂದು ಸಾಲಿದೆ. ಅಧ್ಯಕ್ಷನಾಗುವ ಅರ್ಹತೆ ಇಲ್ಲದವನು ಉಪಾಧ್ಯಕ್ಷನೂ ಆಗಲಾರ. ಆ ಸಾಲನ್ನು ನೀವು ನಕಲು ಮಾಡಲೇ ಇಲ್ಲ! ಇಂದು ಕನ್ನಡಿಗನಲ್ಲದ ನಾನು, ವೇದಿಕೆ ಮೇಲೆ ನನ್ನ ಕೈ ಹಿಡಿದೆತ್ತಿ ನೀವು ಚಪ್ಪಾಳೆ ಹೊಡೆಸಿಕೊಂಡ ದಿನ ಏನಾಗಿದ್ದೆ? ಪುಸ್ತಕದ ಹುಟ್ಟಿನ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ‘ಅಮ್ಮ?’ ಎಂದು ಬರೆದುಕೊಂಡಿದ್ದೀರಿ. ಅಮೆರಿಕದ ಸಂವಿಧಾನಕ್ಕೂ ನಿಮ್ಮ ಅಮ್ಮನಿಗೂ ಏನು ಸಂಬಂಧವೋ ದೇವರೇ ಬಲ್ಲ.

ಈಗ ಕೇಳಿ. ಅದೇ ಹನ್ನೆರಡನೇ ನಿಯಮದಂತೆ, ನಿಮ್ಮ ಪತ್ರ ಬಂದ ನಾಲ್ಕು ದಿನದೊಳಗೆ ಕಾರ್ಯಕಾರಿಣಿಯ ಐವರಲ್ಲಿ ಮೂವರು ನನ್ನ ಜೊತೆ ಸಹಿ ಹಾಕಿ, ನೀವು ಅಸಮರ್ಥರೆಂದು ಬರೆದರು. ಆಗಸ್ಟ್ ಒಂದಕ್ಕೆ ಸಭೆ ಸೇರಿತು. ಮೂರರಲ್ಲಿ ಎರಡು ಭಾಗ ಬೇಕಿತ್ತು. ಅರವತ್ತು ಜನರಲ್ಲಿ ನಲವತ್ತೇಳು ಕೈ ಎದ್ದವು. ಎಲೈಜಾ ಒಬ್ಬರು ನಾಲ್ಕನೇ ನಿಯಮ ಎತ್ತಿದರು. ದುಖಾನಿನ ಶಿವಪುತ್ರ ಎದ್ದು ನಿಂತು, “ನಮ್ಮ ಮನಷ್ಯಾನ ಮತ ತಗೊಳ್ಳಾಕ ಬರತೈತಿ, ಕುರ್ಚಿ ಕೊಡಾಕ ಬರಂಗಿಲ್ಲೇನ್ರೀ? ಖಲಾಸ್, ಕೂಡ್ರಿ” ಎಂದ. ಎಲೈಜಾ ಕೂತರು.

ಆ ಪುಸ್ತಕದಲ್ಲಿ ಟೈಲರ್ ಎಂಬವನ ಕತೆ ಇದೆ. ೧೮೪೧ರಲ್ಲಿ ಅಧ್ಯಕ್ಷ ಒಂದೇ ತಿಂಗಳಲ್ಲಿ ಹೋಗಿ, ಉಪಾಧ್ಯಕ್ಷನಾಗಿದ್ದ ಇವನು ಆ ಜಾಗಕ್ಕೆ ಬಂದ. ಜನ ಇವನನ್ನು ಹಂಗಾಮಿ ಎಂದು ಹಂಗಿಸಿದರು. ‘ಹಂಗಾಮಿ ಅಧ್ಯಕ್ಷ’ ಎಂದು ವಿಳಾಸ ಬರೆದ ಕಾಗದ ಬಂದರೆ ಆತ ಒಡೆಯದೆ ವಾಪಸ್ ಕಳಿಸುತ್ತಿದ್ದನಂತೆ. ಮನುಷ್ಯ ನನಗೆ ಹಿಡಿಸಿದ. ನೀವೂ ನೆನಪಿಡಿ. ನನ್ನ ಹೆಸರಿನ ಹಿಂದೆ ಆ ಶಬ್ದ ಕಂಡರೆ ನಾನೂ ಅದನ್ನೇ ಮಾಡುತ್ತೇನೆ.

ಕಲ್ಮೇಶ ಬಿರಾದಾರ
ಅಧ್ಯಕ್ಷ

&nbsp;

ಮುಐದರ್
೧೨ ಸೆಪ್ಟೆಂಬರ್ ೨೦೨೫

ಶ್ರೀ ಮಾರ್ಟಿಸ್ ಅವರಿಗೆ,

ನಿಮ್ಮ ಊರಿನ ನರ್ಸ್ ಫ್ರೀಡಾ ರಜೆ ಮುಗಿಸಿ ಬರುವಾಗ ತಂದ ಲಕೋಟೆ ತಲುಪಿತು. “ಎಡ್ನಾಬಾಯಿ ಬಾಗಿಲಲ್ಲೇ ಕೊಟ್ರು ಮಾರಾಯ್ರೆ, ಒಳಗೆ ಬಾ ಅಂತ ಸಹ ಹೇಳ್ಲಿಲ್ಲ” ಎಂದು ಅವರೂ ಬೇಜಾರು ಮಾಡಿಕೊಂಡಿದ್ದಾರೆ. ನಿಮ್ಮ ಮನೆಯ ಸೊಕ್ಕು ನನಗೊಬ್ಬನಿಗೇ ಮೀಸಲಲ್ಲ ಎಂದು ತಿಳಿದು ಸಮಾಧಾನವಾಯಿತು.

ಮೇಲೆ ‘ಹಂಗಾಮಿ ಅಧ್ಯಕ್ಷ ಕಲ್ಮೇಶನಿಗೆ’ ಎಂದಿದೆ. ಯಾರೋ ಒಂದನೇ ಇಯತ್ತೆಯ ಮಗುವಿನ ಕೈಯಲ್ಲಿ ಬರೆಸಿದ ಹಾಗಿದೆ. ಅವಮಾನ ಮಾಡುವುದಕ್ಕೂ ಒಂದು ಮಟ್ಟ ಬೇಡವೇ?

ಹೇಳಿದಂತೆ ಒಡೆಯದೆ ಹಿಂದಿರುಗಿಸಿದ್ದೇನೆ. ಆಂಟನಿ ಮತ್ತೆ ಊರಿಗೆ ಬರುತ್ತಿದ್ದಾನೆ, ಅವನ ಕೈಯಲ್ಲಿದೆ. ಸಭಾಂಗಣದ ಅರ್ಜಿಗೆ ನಾನೇ ಸಹಿ ಹಾಕಿದೆ. ಮಂಜೂರಾಯಿತು.

ಕಲ್ಮೇಶ ಬಿರಾದಾರ
ಅಧ್ಯಕ್ಷ

&nbsp;

ಶಿರ್ವ
೫ ಅಕ್ಟೋಬರ್ ೨೦೨೫

ಕಲ್ಮೇಶರೇ,

ಇದನ್ನು ಬರೆಯುತ್ತಿರುವವಳು ಎಡ್ನಾ. ಈ ಸಲ ಸ್ಟ್ಯಾಂಪ್ ಇಲ್ಲ, ನನ್ನದೇ ಕೈಬರಹ.

ಜೂನ್ ಹದಿನಾಲ್ಕರ ಬೆಳಿಗ್ಗೆ ಇವರು ಗಡ್ಡ ಮಾಡಿಕೊಳ್ಳುತ್ತಾ ಕನ್ನಡಿಯ ಮುಂದೆ ಕುಸಿದರು. ಬಲಗೈ, ಬಲಗಾಲು ಹೋಯಿತು. ಮಾತು ಹೋಯಿತು. ಬೆನ್ನಿನ ಆಪರೇಷನ್ ಎಂದು ಊರಿಗೂ ನಿಮಗೂ ಹೇಳಿದವಳು ನಾನೇ. ಬುದ್ಧಿ ಸರಿಯಾಗಿದೆ, ಏನಾದರೂ ಆಸೆ ಇಟ್ಟು ಎಬ್ಬಿಸಿ ಎಂದರು ಡಾಕ್ಟರು. ಮಕ್ಕಳ ಸುದ್ದಿ ಹೇಳಿದೆ, ಇಗರ್ಜಿಯ ಸುದ್ದಿ ಹೇಳಿದೆ. ಬಳಗ ಎಂದಾಗ ಮಾತ್ರ ಕಣ್ಣು ನನ್ನ ಕಡೆ ತಿರುಗಿತು. ಮನುಷ್ಯ ಬಿದ್ದಿದ್ದಾನೆ ಎಂದು ಗೊತ್ತಾದರೆ ನೀವೆಲ್ಲ ಕುರ್ಚಿಗೆ ಓಡಿ ಬರುತ್ತೀರಿ ಎಂದು ನನಗೆ ಭಯ. ನನ್ನ ಭಯ ಸುಳ್ಳಾಯಿತೇ, ನೀವೇ ಹೇಳಿ.

ನಿಮ್ಮ ಜುಲೈ ಕಾಗದ ಇವರಿಗೆ ಓದಿ ಹೇಳಿದೆ, ಪರಿಚಯದವರ ಕಾಗದ, ಖುಷಿಯಾಗುತ್ತದೆ ಎಂದುಕೊಂಡು. ‘ಬಾಯಿಗೇನಾಗಿದೆ ಸರ್’ ಎಂಬಲ್ಲಿಗೆ ಬಂದಾಗ ಕಾಗದ ಮಡಚಿದೆ. ಇವರು ಗೋಡೆಯ ಕಡೆ ಮುಖ ಮಾಡಿದರು. ಆ ಸಿಟ್ಟಿನಲ್ಲೇ ಉತ್ತರ ಟೈಪ್ ಮಾಡಿದೆ. ಇವರ ಫೈಲಿನಲ್ಲಿ ನಿಮ್ಮ ಪಾಸ್‌ಪೋರ್ಟ್ ಹುಡುಕಿ, ಎಲ್ಲಿ ಚುಚ್ಚಿದರೆ ನೋಯುತ್ತದೋ ಅಲ್ಲೇ ಚುಚ್ಚಿದೆ. ಇವರಿಗೆ ಗೊತ್ತಿರಲಿಲ್ಲ. ಬರೆದದ್ದು ತಪ್ಪೆಂದು ನನಗೂ ಗೊತ್ತಿತ್ತು. ಎಷ್ಟು ತಪ್ಪು ಎಂಬುದು ನಿಮಗಿಂತ ನನಗೇ ಹೆಚ್ಚು ಗೊತ್ತಿತ್ತು. ಕ್ಷಮೆ ಕೇಳುವುದಿಲ್ಲ. ನೀವೂ ಕೇಳಿಲ್ಲ.

ಆಗಸ್ಟಿನಲ್ಲಿ ಬಂದದ್ದನ್ನು ಬಚ್ಚಿಡಬಹುದಿತ್ತು. ಓದಿದೆ. ನಿಮ್ಮ ತಾಯಿ, ಅವರ ತವರು, ಹಸಿರು ಸೀರೆ ಎಲ್ಲ ಕೇಳಿದ ಮೇಲೆ ಇವರು ಗಂಟಲಲ್ಲಿ ಶಬ್ದ ಮಾಡುತ್ತಾ ಎಡಗೈ ಚಾಚಿದರು. ಪೆನ್ನು ಬೇಕಿತ್ತು. ದಿನಕ್ಕೆ ಒಂದು ಸಾಲು, ಕೆಲವು ದಿನ ಅರ್ಧವೇ. ಮೂರು ವಾರ ಹಿಡಿಯಿತು. ವಿಳಾಸ ನಾನು ಬರೆಯುತ್ತೇನೆ ಎಂದರೆ ಲಕೋಟೆಯನ್ನು ಕೈಯಿಂದ ಬಿಡಲಿಲ್ಲ. “ಬರೇ ಅಧ್ಯಕ್ಷ ಅಂತ ಬರೀರಿ ಸಾಕು, ಅವ ಒಡೆಯೂದಿಲ್ಲ ಅಂತೆ” ಎಂದೆ. ತಲೆ ಅಲ್ಲಾಡಿಸಿದರು. ಹಂಗಾಮಿ ಎಂಬ ಮೂರಕ್ಷರಕ್ಕೆ ಒಂದು ಇಡೀ ಬೆಳಿಗ್ಗೆ ಹೋಯಿತು. ನೀವು ಒಂದನೇ ಇಯತ್ತೆ ಎಂದಿದ್ದು ಆ ಅಕ್ಷರಕ್ಕೆ.

ಟೈಲರಿನ ಕತೆ ನನಗೂ ಗೊತ್ತು. ಮೂವತ್ತು ವರ್ಷದಿಂದ ಊಟದ ಮೇಜಿನಲ್ಲಿ ಆ ಪುಸ್ತಕದ ಕತೆಗಳನ್ನೇ ಕೇಳಿದ್ದೇನೆ. ಒಬ್ಬ ಅಧ್ಯಕ್ಷನಿಗೆ ಲಕ್ವ ಹೊಡೆದಾಗ ಹೆಂಡತಿ ಬಾಗಿಲಲ್ಲಿ ನಿಂತು, ಯಾರನ್ನೂ ಒಳಗೆ ಬಿಡದೆ ತಿಂಗಳುಗಟ್ಟಲೆ ಕಾಗದಪತ್ರ ನೋಡಿಕೊಂಡಳಂತೆ. ಅದನ್ನು ಹೇಳಿ ಇವರು ನಗುತ್ತಿದ್ದರು, “ನೀನಾದ್ರೂ ಅದನ್ನೇ ಮಾಡುವವಳು” ಎಂದು. ನೀವು ಆ ಪುಟಕ್ಕೆ ಇನ್ನೂ ಬಂದಿರಲಿಕ್ಕಿಲ್ಲ. ಬಂದ ಪುಟವನ್ನೂ ಸರಿಯಾಗಿ ಓದಿಲ್ಲ. ಟೈಲರ್ ಕಾಗದ ವಾಪಸ್ ಕಳಿಸಿದ್ದು ಅಧ್ಯಕ್ಷ ಸತ್ತ ಮೇಲೆ. ನನ್ನ ಗಂಡ ಬದುಕಿದ್ದಾರೆ. ಅಧ್ಯಕ್ಷ ಬದುಕಿರುವಾಗ ಅವನ ಕುರ್ಚಿಯಲ್ಲಿ ಕೂರುವವನು ಹಂಗಾಮಿಯೇ. ಅದು ಬೈಗುಳ ಅಲ್ಲ. ಕೂತವನಿಗಿಂತ ಮಲಗಿದವನಿಗೆ ಆ ಶಬ್ದ ಹೆಚ್ಚು ಬೇಕು.

ಲಕೋಟೆ ಹಿಂದಿರುಗಿ ಬಂದದ್ದು ಇವರಿಗೆ ಹೇಳಿಲ್ಲ. ದಿನಾ ಸಂಜೆ ಎಡಗೈ ಮಡಚಿ ಬಿಡಿಸಿ ತೋರಿಸುತ್ತಾರೆ, ಉತ್ತರ ಬಂತೇ ಎಂದು. ವಿಮಾನ ತಡವಾಗಿದೆ ಎನ್ನುತ್ತೇನೆ.

ಅದೇ ಲಕೋಟೆ ಇದರ ಜೊತೆಗಿದೆ. ಹಾಗೆಯೇ ಇದೆ, ಮೇಲಿನ ಅಕ್ಷರ ಅಳಿಸಿಲ್ಲ. ಓದುವುದಾದರೆ ಅದರ ಮೇಲಿರುವ ಹೆಸರಿನವರಾಗಿ ಓದಿ. ಇಲ್ಲದಿದ್ದರೆ ಮತ್ತೆ ವಾಪಸ್ ಕಳಿಸಿ. ನಿಮಗೆ ಅಭ್ಯಾಸ ಇದೆ.

ಎಡ್ನಾ ಮಾರ್ಟಿಸ್

&nbsp;

ಶಿರ್ವ
೩೦ ಆಗಸ್ಟ್ ೨೦೨೫

ಕಲ್ಮೇಶ,

ಎಡಗೈ. ಅಕ್ಷರ ನೋಡಿ ನಗಬೇಡ.

ಜುಲೈ ಕಾಗದ ನನ್ನದಲ್ಲ. ಎಡ್ನಾಳನ್ನು ಬೈಯಬೇಡ.

ನಾನು ಹುಟ್ಟಿದ್ದು ಬೇಳ. ಕಾಸರಗೋಡಿನ ಹತ್ತಿರ. ಅಮ್ಮನ ತವರು. ನಾನೂ ಮೊದಲನೆಯವನು.

ಪಾಸ್‌ಪೋರ್ಟಿನಲ್ಲಿ ಶಿರ್ವ. ಇಗರ್ಜಿ ಪುಸ್ತಕದಲ್ಲಿ ಬೇಳ.

ನಿಯಮ ನಕಲು ಮಾಡುವಾಗ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಎಲ್ಲರೂ ಸಹಿ ಹಾಕಿ ಆಗಿತ್ತು. ಹೇಳಲು ನಾಚಿಕೆ.

ಇಪ್ಪತ್ತೇಳು ವರ್ಷ.

ನಾಲ್ಕನೆಯದನ್ನು ತೆಗೆಸು.

ಕುರ್ಚಿ ನೋಡಿಕೋ. ನಾನು ಬರುತ್ತೇನೆ.

ವ್ಯಾಲೆಂಟೈನ್

&nbsp;

ಮುಐದರ್
೮ ನವೆಂಬರ್ ೨೦೨೫

ವ್ಯಾಲೆಂಟೈನ್ ಸರ್ ಅವರಿಗೆ,

ಇದನ್ನು ಎಡ್ನಾಬಾಯಿಯೇ ಓದಿ ಹೇಳಬೇಕು ಎಂದು ಗೊತ್ತಿದೆ. ಅದಕ್ಕೆ ಮೊದಲು ಅವರಿಗೇ ಎರಡು ಮಾತು. ಬಾಯಿಯವರೇ, ಜನ್ಮತಃ ಕನ್ನಡಿಗನಲ್ಲ ಎಂದದ್ದನ್ನು ನಾನು ಕ್ಷಮಿಸಿಲ್ಲ. ಸರ್ ಹುಟ್ಟಿದ ಊರು ಗೊತ್ತಿದ್ದೂ ಬರೆದಿರಲ್ಲ, ಅದನ್ನಂತೂ ಕ್ಷಮಿಸುವುದಿಲ್ಲ. ನನ್ನ ಜುಲೈ ಕಾಗದದ ಆ ಸಾಲನ್ನು ನೀವು ಕ್ಷಮಿಸುವುದೂ ಬೇಡ. ಅದು ನನ್ನ ತಲೆಯ ಮೇಲೇ ಇರಲಿ. ಮುಂದಿನದನ್ನು ಒಂದಕ್ಷರ ಬಿಡದೆ ಓದಿ.

ಸರ್, ಲಕೋಟೆ ನಿನ್ನೆಯ ರಾಜ್ಯೋತ್ಸವಕ್ಕೆ ಒಂಬತ್ತು ದಿನ ಮೊದಲು ನನ್ನ ಕೈ ಸೇರಿತು. ಎರಡು ದಿನ ಮೇಜಿನ ಮೇಲಿತ್ತು. ಮೇಲಿನ ಅಕ್ಷರ ನೋಡಿ ನನ್ನ ಹೆಂಡತಿ ಸುವರ್ಣಾ, “ಇದನ್ನೂ ವಾಪಸ್ ಕಳಸ್ತೀರೇನು? ಯಲ್ಲಾ, ಆಗ್ಲಿ, ಕಳಸ್ರಿ. ನಾ ಮಾತ್ರ ನಾಳೆಯಿಂದ ನಿಮ್ಮ ಕೂಡ ಮಾತಾಡಂಗಿಲ್ಲ” ಎಂದಳು. ಒಡೆದೆ.

ಪುಸ್ತಕದ ಪಕ್ಕದ ‘ಅಮ್ಮ?’ ಏನೆಂದು ಆಗ ಅರ್ಥವಾಯಿತು. ನನ್ನನ್ನೇ ನಾನು ಬೈದುಕೊಂಡೆ. ನಿಮ್ಮ ಮೇಲೂ ಸಿಟ್ಟು ಬಂತು. ಇಪ್ಪತ್ತೇಳು ವರ್ಷದಲ್ಲಿ ಆ ಸಾಲು ನೋಡಿ ಕಾಸರಗೋಡಿನ ಎಷ್ಟು ಜನ ತಲೆ ತಗ್ಗಿಸಿದರೋ! ನೀವು ಸುಮ್ಮನಿದ್ದಿರಿ. ಮಲಗಿದ್ದೀರಿ ಎಂದು ಇದನ್ನು ಹೇಳದೆ ಬಿಟ್ಟರೆ ನಿಮ್ಮನ್ನು ಕೈಲಾಗದವರು ಎಂದಂತೆ. ಅದಕ್ಕೇ ಹೇಳಿದೆ.

ನಿನ್ನೆ ನಾಲ್ಕನೆಯ ನಿಯಮ ತೆಗೆಯುವ ಪ್ರಸ್ತಾಪ ಸಭೆಗೆ ಇಟ್ಟೆ. ಎಲೈಜಾ ಎದ್ದರು. “ಇದು ಯಾರ ಲಾಭಕ್ಕೆ ಅಂತ ಗೊತ್ತುಂಟಲ್ಲ?” ಎಂದರು. ಜನ ನಕ್ಕರು. ನಿಮ್ಮ ಕಾಗದ ನನ್ನ ಜೇಬಿನಲ್ಲೇ ಇತ್ತು. ತೆಗೆದು ಬೇಳ ಎಂಬ ಎರಡಕ್ಷರ ಓದಿದ್ದರೆ ನಗು ಅಲ್ಲೇ ನಿಲ್ಲುತ್ತಿತ್ತು. ತೆಗೆಯಲಿಲ್ಲ. “ಹೌದ್ರೀ, ನನ್ನ ಲಾಭಕ್ಕ. ನಾ ಅಕ್ಕಲಕೋಟಿ ಕಡೆ ಹುಟ್ಟಿದಾಂವ, ನಮ್ಮವ್ವನ ತವರಮನ್ಯಾಗ. ನಿಮ್ಮೊಳಗ ಎಷ್ಟ ಮಂದಿ ತಾಯಿ ತವರಾಗ ಹುಟ್ಟೀರಿ, ಕೈ ಎತ್ರಿ” ಎಂದೆ. ಸಭಾಂಗಣದ ಅರ್ಧದಷ್ಟು ಕೈ ಎದ್ದವು. ಕೊನೆಗೆ ಎಲೈಜಾ ಅವರದೂ ಎದ್ದಿತು. ಆರು ಪ್ರದೇಶದಲ್ಲಿ ಐದು ಒಪ್ಪಬೇಕಿತ್ತು, ಆರೂ ಒಪ್ಪಿದವು. ನಿಮ್ಮ ಊರಿನ ಮಾತು ನೀವೇ ಬಂದು ಹೇಳಬೇಕಾದದ್ದು. ನಿಮ್ಮ ಬದಲು ನಾನು ಸಹಿ ಹಾಕುತ್ತೇನೆ, ತಪ್ಪೊಪ್ಪಿಕೊಳ್ಳುವುದಿಲ್ಲ.

ನಿಮ್ಮ ಕಾಯಿಲೆಯ ಸುದ್ದಿಯನ್ನೂ ಯಾರಿಗೂ ಹೇಳಿಲ್ಲ. ಬೆನ್ನು ಇನ್ನೂ ವಾಸಿಯಾಗಿಲ್ಲ ಎಂದಿದ್ದೇನೆ.

ಆಮಂತ್ರಣದ ಕಾರ್ಡು ಇದರ ಜೊತೆ ಇಟ್ಟಿದ್ದೇನೆ. ಮೊದಲು ಅಚ್ಚಾದದ್ದನ್ನು ಎಸೆದು ಎರಡನೇ ಸಲ ಅಚ್ಚು ಹಾಕಿಸಿದೆ. ಮೇಲೆ ಅಧ್ಯಕ್ಷರು ಎಂದು ನಿಮ್ಮ ಹೆಸರಿದೆ. ನನ್ನದು ಅದರ ಕೆಳಗೆ. ಅಚ್ಚಿನವನು, “ಆ ಶಬ್ದ ತೆಗೆದರೆ ಸಾಲು ಚೆಂದ ಕೂರುತ್ತೆ ಸಾರ್” ಎಂದ. ಇರಲಿ, ತೆಗೆಯಬೇಡ ಎಂದೆ.

ಎಡಗೈಯಲ್ಲಾದರೂ ಸರಿ, ಬೇಗ ಉತ್ತರ ಬರೆಯಿರಿ.

ಕಲ್ಮೇಶ ಬಿರಾದಾರ
ಹಂಗಾಮಿ ಅಧ್ಯಕ್ಷ